ಆಹಾರ ವಿತರಣೆಯಲ್ಲಿ ಹೊಸ ಸಗಟು ಗ್ರಾಹಕರನ್ನು ಗಳಿಸುವ ಬಗೆ

ಆಹಾರ ಪದಾರ್ಥಗಳ ವಿತರಣೆಗೆ ಇಳಿದವರು ಮೊದಲೇ ಮನಗಾಣಬೇಕಾದ ಸಂಗತಿಯೊಂದಿದೆ. ನಾವು ಹುಡುಕಿಕೊಂಡು ಹೋಗುವ ಯಾವ ಗ್ರಾಹಕರೂ ಸರಬರಾಜುದಾರರಿಲ್ಲದೆ ಕುಳಿತಿರುವುದಿಲ್ಲ. ಹೋಟೆಲು, ಆಸ್ಪತ್ರೆಯ ಅಡುಗೆಮನೆ, ವಿದ್ಯಾರ್ಥಿನಿಲಯ, ಬೇಕರಿ, ಕಾರ್ಖಾನೆಯ ಕ್ಯಾಂಟೀನು, ಚಿಲ್ಲರೆ ಅಂಗಡಿ ಇವುಗಳಲ್ಲಿ ಯಾವುದೂ ಒಂದು ದಿನವೂ ಸಾಮಾನಿಲ್ಲದೆ ನಡೆಯಲಾರದು. ಆದ್ದರಿಂದ ನಾವು ಬಾಗಿಲು ತಟ್ಟುವ ಹೊತ್ತಿಗೆ ಬೇರೊಬ್ಬರ ವಾಹನ ಅಲ್ಲಿ ಸಾಮಾನು ಇಳಿಸಿ ಹೋಗಿರುತ್ತದೆ. ಹಾಗಾಗಿ ಹೊಸ ಗ್ರಾಹಕರನ್ನು ಗಳಿಸುವುದೆಂದರೆ, ಹೇಗೋ ನಡೆದುಕೊಂಡು ಹೋಗುತ್ತಿರುವ ಒಂದು ಏರ್ಪಾಟನ್ನು ಬಿಟ್ಟು ನಮ್ಮ ಕಡೆಗೆ ಬರುವಂತೆ ಅವರನ್ನು ಒಪ್ಪಿಸುವುದು. ಅವರ ಹಿಂಜರಿಕೆಗೆ ಹಣದ ಲೆಕ್ಕಕ್ಕಿಂತ ದೊಡ್ಡ ಕಾರಣ ಒಂದು ಅಳುಕು: ಹೊಸಬರು ಯಾವುದೋ ಒಂದು ಬೆಳಿಗ್ಗೆ ಕೈಕೊಟ್ಟರೆ ಅಡುಗೆಯವರಿಗೂ ಮಾಲೀಕರಿಗೂ ತಾವೇ ಉತ್ತರ ಹೇಳಬೇಕಾಗುತ್ತದೆ ಎಂಬುದು ಖರೀದಿ ನೋಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ಅಳುಕನ್ನು ಕಳೆಯುವವರಿಗೆ ಗ್ರಾಹಕರು ಸಿಗುತ್ತಾರೆ. ಅದನ್ನು ಕಳೆಯುವ ದಾರಿಗಳಲ್ಲಿ ಬೆಲೆ ಇಳಿಸುವುದು ಅತ್ಯಂತ ದುರ್ಬಲವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾಹನ ಸಾಗುವ ದಾರಿಯಿಂದ ಆರಂಭಿಸಿ

ಗ್ರಾಹಕರ ಪಟ್ಟಿಯನ್ನು ಸಿದ್ಧಪಡಿಸುವಾಗ ಹೆಚ್ಚಿನವರು ದೊಡ್ಡ ಹೆಸರುಗಳಿಂದ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ನಕ್ಷೆಯೊಂದನ್ನು ಮುಂದಿಟ್ಟುಕೊಂಡು, ನಮ್ಮ ವಾಹನಗಳು ಈಗಾಗಲೇ ಯಾವ ದಿನ, ಯಾವ ಹೊತ್ತಿಗೆ, ಯಾವ ರಸ್ತೆಯಲ್ಲಿ ಸಾಗುತ್ತವೆ ಎಂಬುದನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಒಂದು ಕಡೆ ಸಾಮಾನು ಇಳಿಸಿ, ಎಣಿಸಿ, ಸಹಿ ಹಾಕಿಸಿಕೊಳ್ಳಲು 20 ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ಈಗಿನ ದಾರಿಯ ಮೇಲೆಯೇ ಇರುವ ಹೊಸ ಗ್ರಾಹಕರಿಗೆ ತಗಲುವುದು ಆ 20 ನಿಮಿಷ ಮಾತ್ರ. ದಾರಿಯಿಂದ 15 ಕಿಲೋಮೀಟರ್ ದೂರದಲ್ಲಿರುವ ಗ್ರಾಹಕರಾದರೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಿಬರುವುದಕ್ಕೇ ಒಂದು ಗಂಟೆ ಹಿಡಿದು, ಒಟ್ಟು 80 ನಿಮಿಷ ಬೇಕಾಗುತ್ತದೆ. ಅಂದರೆ ಅಂತಹ ಒಬ್ಬರು ಕೊಡುವ ಆರ್ಡರು, ದಾರಿಯ ಮೇಲಿರುವ ನಾಲ್ವರು ಕೊಡುವಷ್ಟು ಇಲ್ಲದಿದ್ದರೆ ನಮಗೆ ನಷ್ಟವೇ. ಇಂಧನ, ಚಾಲಕರ ಸಂಬಳ, ವಾಹನದ ಸವೆತ ಇವೆಲ್ಲವೂ 5 ಪೆಟ್ಟಿಗೆ ಇಳಿಸಿದರೂ ಅಷ್ಟೇ, 50 ಪೆಟ್ಟಿಗೆ ಇಳಿಸಿದರೂ ಹೆಚ್ಚು ಕಡಿಮೆ ಅಷ್ಟೇ ಆಗಿರುವುದರಿಂದ, ಕನಿಷ್ಠ ಆರ್ಡರು ಎಷ್ಟಿರಬೇಕೆಂಬುದನ್ನು ಈ ಲೆಕ್ಕದಿಂದಲೇ ನಿಗದಿ ಮಾಡಿಕೊಂಡು, ಮೊದಲ ಭೇಟಿಯಲ್ಲಿಯೇ ಸಂಕೋಚವಿಲ್ಲದೆ ತಿಳಿಸಬೇಕು.

ಗೋದಾಮಿನ ಶಕ್ತಿಯನ್ನೂ ಹೀಗೆಯೇ ಅಳೆದುಕೊಳ್ಳಬೇಕು. ಒಣ ಸಾಮಾನು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕಾದ ತಂಪು ಸಾಮಾನು, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕಾದ ಹೆಪ್ಪುಗಟ್ಟಿಸಿದ ಸಾಮಾನು ಈ ಮೂರನ್ನೂ ಬೇರೆ ಬೇರೆಯಾಗಿ ಇರಿಸಿ ಸಾಗಿಸುವ ವ್ಯವಸ್ಥೆ ನಮ್ಮಲ್ಲಿಲ್ಲದಿದ್ದರೆ, ಆ ಮೂರನ್ನೂ ಬೇಡುವ ಗ್ರಾಹಕರ ಬಳಿಗೆ ಈಗಲೇ ಹೋಗಬಾರದು. ಒಮ್ಮೆ ಸೋತು ಹೊರಬಂದ ಬಾಗಿಲು ಮತ್ತೆ ತೆರೆಯಲು ವರ್ಷಗಳೇ ಬೇಕಾಗುತ್ತವೆ.

ಒಪ್ಪಿಗೆ ಕೊಡುವವರು ಯಾರು

ಚಿಕ್ಕ ಹೋಟೆಲಿನಲ್ಲಿ ಮಾಲೀಕರೇ ಎಲ್ಲವನ್ನೂ ನಿರ್ಧರಿಸಬಹುದು. ಸ್ವಲ್ಪ ದೊಡ್ಡ ಸಂಸ್ಥೆಯಲ್ಲಿ ಕನಿಷ್ಠ ನಾಲ್ವರ ಮಾತು ನಡೆಯುತ್ತದೆ. ಮುಖ್ಯ ಅಡುಗೆಯವರು ಗುಣಮಟ್ಟವನ್ನು ನೋಡುತ್ತಾರೆ, ಖರೀದಿ ವಿಭಾಗದವರು ಬೆಲೆಯನ್ನೂ ಕರಾರನ್ನೂ ನೋಡುತ್ತಾರೆ, ಉಗ್ರಾಣದವರು ಸಾಮಾನು ಬರುವ ಹೊತ್ತನ್ನೂ ಪೆಟ್ಟಿಗೆಯ ಸ್ಥಿತಿಯನ್ನೂ ನೋಡುತ್ತಾರೆ, ಲೆಕ್ಕಪತ್ರದವರು ಬಿಲ್ಲು ಆರ್ಡರಿನೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಇವರಲ್ಲಿ ಉಗ್ರಾಣದವರನ್ನು ಬಹುತೇಕ ಮಾರಾಟಗಾರರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ದೊಡ್ಡ ತಪ್ಪು. ಈಗಿನ ಸರಬರಾಜುದಾರರು ಎಷ್ಟು ಸಲ ತಡವಾಗಿ ಬಂದರು, ಯಾವ ಸಾಮಾನು ಮೇಲಿಂದ ಮೇಲೆ ಕಡಿಮೆ ಬೀಳುತ್ತದೆ, ಯಾವುದನ್ನು ಹಿಂದಕ್ಕೆ ಕಳಿಸಬೇಕಾಗಿ ಬಂತು ಎಂಬುದನ್ನು ಅವರಷ್ಟು ಖಚಿತವಾಗಿ ಬಲ್ಲವರು ಆ ಸಂಸ್ಥೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಅವರೊಂದಿಗೆ ಗೌರವದಿಂದ ನಡೆಸಿದ ಹತ್ತು ನಿಮಿಷದ ಮಾತುಕತೆ, ಮೇಲಿನ ಕಚೇರಿಯಲ್ಲಿ ಕಳೆದ ಒಂದು ಗಂಟೆಗಿಂತ ಹೆಚ್ಚನ್ನು ತಿಳಿಸಿಕೊಡುತ್ತದೆ.

ಮೊದಲ ಭೇಟಿ

ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು ತಾನು ಈ ಕಸುಬನ್ನು ಅರಿಯದವನೆಂದು ತೋರಿಸಿಕೊಟ್ಟಂತೆ. ಅಡುಗೆಯ ಗಡಿಬಿಡಿ ಮುಗಿದು ಮುಂದಿನ ಸಿದ್ಧತೆ ಆರಂಭವಾಗುವುದಕ್ಕೆ ಮೊದಲಿನ ಬಿಡುವನ್ನು ವಿಚಾರಿಸಿ ತಿಳಿದುಕೊಂಡು, ಸಮಯ ಕೇಳಿ ಹೋಗಬೇಕು. ಹೋಗುವ ಮೊದಲು ಅವರ ತಿನಿಸುಗಳ ಪಟ್ಟಿಯನ್ನು ಓದಿಕೊಂಡಿದ್ದರೆ, ಅವರು ಯಾವ ಪದಾರ್ಥವನ್ನು ಹೆಚ್ಚಾಗಿ ಕೊಳ್ಳುತ್ತಾರೆ, ಅದರಲ್ಲಿ ನಮ್ಮ ಗೋದಾಮಿನಲ್ಲಿ ಇರುವುದೆಷ್ಟು ಎಂಬುದನ್ನು ಅಂದಾಜು ಮಾಡಬಹುದು.

ಮೊದಲ ಭೇಟಿಯಲ್ಲಿ ದರಪಟ್ಟಿಯನ್ನು ಚೀಲದಿಂದ ತೆಗೆಯದಿರುವುದೇ ಲೇಸು. ದರಪಟ್ಟಿ ಕೈಗೆ ಸಿಕ್ಕಿದ ಕೂಡಲೇ ಮಾತು ಎರಡು ಅಂಕಿಗಳ ಹೋಲಿಕೆಗೆ ಇಳಿಯುತ್ತದೆ, ಮತ್ತು ಈಗಿನ ಸರಬರಾಜುದಾರರಿಂದ ಇನ್ನಷ್ಟು ಸೋಡಿ ಪಡೆಯಲು ನಮ್ಮ ಪಟ್ಟಿಯೇ ಅವರ ಕೈಯ ಆಯುಧವಾಗುತ್ತದೆ. ಅದರ ಬದಲು ಪ್ರಶ್ನೆ ಕೇಳಬೇಕು. ಕಳೆದ ತಿಂಗಳು ಯಾವ ಪದಾರ್ಥ ಸಮಯಕ್ಕೆ ಬರಲಿಲ್ಲ? ಬಾರದಿದ್ದಾಗ ಏನು ಮಾಡಿದಿರಿ? ಆರ್ಡರು ಕೊಡಲು ಕೊನೆಯ ಗಡುವು ಎಷ್ಟು ಹೊತ್ತಿಗೆ, ಅದು ನಿಮಗೆ ಅನುಕೂಲವೇ? ಒಂದೇ ಪದಾರ್ಥಕ್ಕಾಗಿ ಇಬ್ಬರು ಮೂವರನ್ನು ಅವಲಂಬಿಸಿದ್ದೀರಾ? ಈಗಿನ ಸರಬರಾಜುದಾರರನ್ನು ಮಾತ್ರ ಹೀಗಳೆಯಬಾರದು, ಏಕೆಂದರೆ ಅವರನ್ನು ಆರಿಸಿದವರು ಎದುರಿಗೆ ಕುಳಿತಿರುವ ವ್ಯಕ್ತಿಯೇ ಆಗಿರಬಹುದು. ಉತ್ತರಗಳನ್ನು ಅವರ ಎದುರಿನಲ್ಲಿಯೇ ಬರೆದುಕೊಳ್ಳಬೇಕು. ಮುಂದಿನ ಭೇಟಿಯಲ್ಲಿ ಅದೇ ಪುಟವನ್ನು ತೆರೆದು ಮಾತು ಮುಂದುವರಿಸಿದಾಗ, ತಮ್ಮ ಮಾತನ್ನು ಒಬ್ಬರು ಕಿವಿಗೊಟ್ಟು ಕೇಳಿದ್ದರು ಎಂಬ ನಂಬಿಕೆ ಅವರಲ್ಲಿ ಹುಟ್ಟುತ್ತದೆ.

ಹೆಚ್ಚಿನ ಸಲ ಸಿಗುವ ಉತ್ತರ ಒಂದೇ: ‘ಈಗಿರುವವರೇ ಸಾಕು.’ ಇದಕ್ಕೆ ವಾದ ಹೂಡುವ ಅಗತ್ಯವಿಲ್ಲ. ಯಾವ ಅಡುಗೆಮನೆಗೂ ಎರಡನೆಯ ಸರಬರಾಜುದಾರರೊಬ್ಬರು ಬೇಕೇ ಬೇಕು. ಮೊದಲನೆಯವರು ತಪ್ಪಿದ ದಿನ ಕರೆ ಮಾಡಲು ನಂಬಿಕೆಯ ಹೆಸರೊಂದು ಇರಬೇಕು. ಆ ಎರಡನೆಯ ಸ್ಥಾನವನ್ನೇ ನೇರವಾಗಿ ಕೇಳಿರಿ. ಎರಡು ಮೂರು ಪದಾರ್ಥಗಳನ್ನು ಮಾತ್ರ ನಮಗೆ ಕೊಟ್ಟು ನೋಡುವುದರಲ್ಲಿ ಅವರಿಗೆ ಹೆಚ್ಚಿನ ಅಪಾಯವಿಲ್ಲ. ನಮಗೋ ಆ ಬಾಗಿಲು ಅಷ್ಟಾದರೂ ತೆರೆದಂತಾಗುತ್ತದೆ. ಮೊದಲ ದಿನವೇ ಇಡೀ ಆರ್ಡರನ್ನು ಬೇಡುವವರಿಗಿಂತ, ಹೀಗೆ ಎರಡು ಮೂರು ಪದಾರ್ಥಗಳಿಂದ ಒಳಬಂದವರು ಹೆಚ್ಚು ಕಾಲ ಉಳಿಯುತ್ತಾರೆ.

ಮಾದರಿ ಕೊಡುವ ಕ್ರಮ

ಮಾದರಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬರುವುದರಿಂದ ಏನೂ ಆಗುವುದಿಲ್ಲ. ಅವರು ಈಗ ಬಳಸುತ್ತಿರುವ ಪದಾರ್ಥದ ಪಕ್ಕದಲ್ಲಿಯೇ ನಮ್ಮದನ್ನೂ ಇಟ್ಟು, ಅವರದೇ ಒಲೆಯ ಮೇಲೆ, ಅವರದೇ ಅಡುಗೆಯವರ ಕೈಯಲ್ಲಿ, ಅದೇ ವಿಧಾನದಲ್ಲಿ ಬೇಯಿಸಿ ಹೋಲಿಸಿ ನೋಡುವಂತೆ ಏರ್ಪಾಟು ಮಾಡಬೇಕು ಮತ್ತು ಆ ಹೊತ್ತಿಗೆ ನಾವು ಅಲ್ಲಿರಬೇಕು. ರುಚಿಯ ಜೊತೆಗೆ ತೂಕವನ್ನೂ ಅಳೆಯಬೇಕು: ಪೊಟ್ಟಣ ಬಿಚ್ಚಿದಾಗ ಎಷ್ಟಿತ್ತು, ಕರಗಿಸಿ, ಸೋಸಿ, ಶುಚಿಮಾಡಿದ ಮೇಲೆ ಬಳಕೆಗೆ ಎಷ್ಟು ಉಳಿಯಿತು?

ಈ ಅಳತೆಯ ಮಹತ್ವವನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಅವರು ಈಗ ಕೊಳ್ಳುತ್ತಿರುವುದರಲ್ಲಿ ಬಳಕೆಗೆ ಬರುವುದು ಶೇಕಡಾ 80. ನಮ್ಮದರಲ್ಲಿ ಶೇಕಡಾ 95. ನಮ್ಮ ಬೆಲೆ ಕಿಲೋಗೆ ಶೇಕಡಾ 10ರಷ್ಟು ಹೆಚ್ಚು ಎಂದಿಟ್ಟುಕೊಂಡರೂ, ತಟ್ಟೆಗೆ ಬರುವ ಪ್ರತಿ ಕಿಲೋದ ಲೆಕ್ಕದಲ್ಲಿ ನಮ್ಮ ಪದಾರ್ಥ ಸುಮಾರು ಶೇಕಡಾ 7ರಷ್ಟು ಅಗ್ಗವಾಗುತ್ತದೆ. ಖರೀದಿ ವಿಭಾಗದವರ ಕಣ್ಣಿಗೆ ದುಬಾರಿಯಾಗಿ ಕಂಡದ್ದು, ಅಡುಗೆಮನೆಯ ತಕ್ಕಡಿಯಲ್ಲಿ ಅಗ್ಗವಾಗಿ ಕಾಣುವ ಈ ಕ್ಷಣದಲ್ಲಿ ಅಡುಗೆಯವರೇ ನಮ್ಮ ಪರವಾಗಿ ಮಾತಾಡತೊಡಗುತ್ತಾರೆ. ಲೆಕ್ಕ ನಮಗೆ ವಿರುದ್ಧವಾಗಿ ಬಂದರೆ ಅದನ್ನೂ ಮುಚ್ಚಿಡದೆ ಒಪ್ಪಿಕೊಂಡು, ಆ ಪದಾರ್ಥವನ್ನು ಬಿಟ್ಟು ಬೇರೊಂದರ ಮಾತೆತ್ತಬೇಕು.

ಬೆಲೆಯ ಮಾತು

ದರವನ್ನು ಬರೆದು ಕೊಡುವ ಮೊದಲು ಎರಡು ಲೆಕ್ಕಗಳು ಕೈಬೆರಳಿನಲ್ಲಿರಬೇಕು. ಮೊದಲನೆಯದು, ಅಸಲಿನ ಮೇಲೆ ಶೇಕಡಾ 25 ಸೇರಿಸಿ ಮಾರಿದರೆ ಮಾರಾಟದ ಮೊತ್ತದಲ್ಲಿ ಸಿಗುವ ಲಾಭಾಂಶ ಶೇಕಡಾ 20 ಮಾತ್ರ ಎಂಬುದು. ಇವೆರಡನ್ನು ಒಂದೇ ಎಂದು ತಿಳಿದು ಸೋಡಿ ಕೊಟ್ಟವರು ವರ್ಷದ ಕೊನೆಯಲ್ಲಿ ಕಂಗಾಲಾಗುತ್ತಾರೆ. ಎರಡನೆಯದು, ನಮ್ಮ ಲಾಭಾಂಶ ಮಾರಾಟದ ಶೇಕಡಾ 10 ಆಗಿದ್ದಾಗ ಬೆಲೆಯಲ್ಲಿ ಶೇಕಡಾ 2 ಇಳಿಸಿದರೆ ಲಾಭದ ಐದನೇ ಒಂದು ಭಾಗವೇ ಹೋಗುತ್ತದೆ, ಮತ್ತು ಮೊದಲಿನಷ್ಟೇ ಗಳಿಸಲು ಶೇಕಡಾ 25ರಷ್ಟು ಹೆಚ್ಚು ಸಾಮಾನನ್ನು ಹೊರಬೇಕಾಗುತ್ತದೆ ಎಂಬುದು.

ಆದ್ದರಿಂದ ಸೋಡಿ ಕೊಡಲೇಬೇಕಾದರೆ, ನಮ್ಮ ಖರ್ಚನ್ನು ನಿಜವಾಗಿ ಇಳಿಸುವಂತಹ ಏನಾದರೊಂದನ್ನು ಅದಕ್ಕೆ ಪ್ರತಿಯಾಗಿ ಕೇಳಬೇಕು. ವಾರಕ್ಕೆ ಐದು ಸಲದ ಬದಲು ಮೂರೇ ಸಲ ಸಾಮಾನು ತರಿಸಿಕೊಳ್ಳುವುದು, ಬಿಡಿಯಾಗಿ ಕೇಳದೆ ಪೂರ್ತಿ ಪೆಟ್ಟಿಗೆಗಳನ್ನೇ ಕೊಳ್ಳುವುದು, ಬಿಲ್ಲನ್ನು ಏಳು ದಿನದೊಳಗೆ ತೀರಿಸುವುದು ಇವು ಅಂತಹವು. ಹೀಗೆ ಕೊಟ್ಟ ಸೋಡಿಗೆ ಕಾರಣವಿರುತ್ತದೆ. ಕಾರಣವಿಲ್ಲದೆ ಕೊಟ್ಟ ಸೋಡಿ ನಮ್ಮ ಮೊದಲ ಬೆಲೆಯೇ ಸುಳ್ಳಾಗಿತ್ತು ಎಂದು ಸಾರುತ್ತದೆ.

ಮಾರುಕಟ್ಟೆಯೊಂದಿಗೆ ದಿನದಿನಕ್ಕೂ ಏರಿಳಿಯುವ ಪದಾರ್ಥಗಳ ದರ ಎಷ್ಟು ದಿನ ಅನ್ವಯಿಸುತ್ತದೆ ಎಂಬುದನ್ನು ದರಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸಬೇಕು. ಏರಿಕೆಯ ಸುದ್ದಿಯನ್ನು ಬಿಲ್ಲಿನಲ್ಲಿ ಮೊದಲ ಬಾರಿಗೆ ನೋಡುವ ಗ್ರಾಹಕರು ಮೋಸಹೋದೆವೆಂದು ಭಾವಿಸುತ್ತಾರೆ; ಒಂದು ವಾರ ಮೊದಲೇ ಕಾರಣಸಹಿತ ತಿಳಿಸಿದರೆ ಅದೇ ಏರಿಕೆಯನ್ನು ಸಹಿಸುತ್ತಾರೆ. ಇಳಿದಾಗಲೂ ಕೇಳುವ ಮೊದಲೇ ಇಳಿಸಬೇಕು.

ಸುರಕ್ಷತೆಯ ದಾಖಲೆಗಳು

ಆಸ್ಪತ್ರೆ, ಶಾಲೆ, ದೊಡ್ಡ ಹೋಟೆಲು ಸಮೂಹಗಳಂತಹ ಗ್ರಾಹಕರ ಬಳಿ ಬೆಲೆಯ ಮಾತಿಗಿಂತ ಮೊದಲು ಬರುವುದು ಆಹಾರ ಸುರಕ್ಷತೆಯ ಪ್ರಶ್ನೆ. 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಯಾನಿಗಳ ಆಹಾರವನ್ನು ಸಿದ್ಧಪಡಿಸುವಾಗ ರೂಪುಗೊಂಡ ಹ್ಯಾಸಪ್ ಎಂಬ ಕ್ರಮವು, ಅಪಾಯ ಎಲ್ಲಿ ಹುಟ್ಟಬಹುದೆಂದು ಮೊದಲೇ ಗುರುತಿಸಿ, ಆ ನಿರ್ಣಾಯಕ ಹಂತಗಳಲ್ಲಿ ಕಾವಲು ಇರಿಸುವ ಏಳು ತತ್ವಗಳನ್ನು ಹೇಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಕೋಡೆಕ್ಸ್ ಆಯೋಗವು ಇದನ್ನು ತನ್ನ ಆಹಾರ ನೈರ್ಮಲ್ಯದ ಮಾರ್ಗಸೂಚಿಗಳಲ್ಲಿ ಅಳವಡಿಸಿಕೊಂಡಿದೆ. 2005ರಲ್ಲಿ ಮೊದಲು ಪ್ರಕಟವಾಗಿ 2018ರಲ್ಲಿ ಪರಿಷ್ಕೃತಗೊಂಡ ಐಎಸ್‌ಒ 22000 ಎಂಬ ಅಂತರರಾಷ್ಟ್ರೀಯ ಆಹಾರ ಸುರಕ್ಷತಾ ಮಾನಕವೂ ಇದೇ ತಳಹದಿಯ ಮೇಲೆ ನಿಂತಿದೆ. ಇದರ ಪ್ರಮಾಣಪತ್ರವಿದ್ದರೆ ಅದನ್ನು ತೋರಿಸಬಹುದು. ಆದರೆ ಪ್ರಮಾಣಪತ್ರಕ್ಕಿಂತ ಹೆಚ್ಚು ಮನವೊಲಿಸುವುದು ನಿತ್ಯದ ದಾಖಲೆ. ಕಳೆದ ಮೂರು ತಿಂಗಳಲ್ಲಿ ನಮ್ಮ ತಂಪು ವಾಹನದೊಳಗಿನ ಉಷ್ಣಾಂಶ ಗಂಟೆಗಂಟೆಗೆ ಎಷ್ಟಿತ್ತು, ಮಿತಿ ಮೀರಿದ ದಿನ ಏನು ಕ್ರಮ ಕೈಗೊಂಡೆವು ಎಂಬುದನ್ನು ತೋರಿಸುವ ಹಾಳೆಯನ್ನು ಮುಂದಿಟ್ಟರೆ ಪರಿಶೀಲಿಸುವವರ ಮುಖಭಾವವೇ ಬದಲಾಗುತ್ತದೆ.

ಪ್ರತಿ ಬ್ಯಾಚು ಯಾರಿಂದ ಬಂತು, ಯಾರಿಗೆ ಹೋಯಿತು ಎಂಬುದನ್ನು ಒಂದು ಹೆಜ್ಜೆ ಹಿಂದಕ್ಕೂ ಒಂದು ಹೆಜ್ಜೆ ಮುಂದಕ್ಕೂ ಹೇಳಬಲ್ಲ ಲೆಕ್ಕ ನಮ್ಮಲ್ಲಿರಬೇಕು. ಇದನ್ನು ಪರೀಕ್ಷಿಸಲು ಗ್ರಾಹಕರನ್ನೇ ಗೋದಾಮಿಗೆ ಕರೆತಂದು, ಕಪಾಟಿನಲ್ಲಿರುವ ಯಾವುದಾದರೊಂದು ಪೆಟ್ಟಿಗೆಯನ್ನು ಆರಿಸಲು ಹೇಳಿ, ಅದೇ ಬ್ಯಾಚಿನ ಉಳಿದ ಪೆಟ್ಟಿಗೆಗಳು ಯಾರ ಯಾರ ಬಳಿ ಇವೆ ಎಂಬುದನ್ನು ಅವರ ಎದುರಿನಲ್ಲಿಯೇ ತೆಗೆದು ತೋರಿಸಿರಿ. ಮೊದಲು ಅವಧಿ ಮೀರುವುದು ಮೊದಲು ಹೊರಹೋಗಲಿ ಎಂಬ ನಿಯಮವನ್ನು ನಾವು ಪಾಲಿಸುತ್ತೇವೆಯೇ ಎಂಬುದೂ ಆ ಕಪಾಟುಗಳನ್ನು ನೋಡಿದರೆ ಅವರಿಗೆ ತಾನಾಗಿಯೇ ತಿಳಿಯುತ್ತದೆ. ಹೊಸ ಗ್ರಾಹಕರನ್ನು ಗಳಿಸಲು ಶುಚಿಯಾದ ಗೋದಾಮಿನಷ್ಟು ಸಮರ್ಥ ಮಾರಾಟಗಾರರು ಬೇರೆ ಇಲ್ಲ.

ದೊಡ್ಡ ಚಿಲ್ಲರೆ ಸಮೂಹಗಳು ಇವುಗಳ ಜೊತೆಗೆ ಪೆಟ್ಟಿಗೆಗಳ ಮೇಲೆ ಜಾಗತಿಕ ಸರಕು ಸಂಖ್ಯೆಯ ಬಾರ್‌ಕೋಡನ್ನೂ, ಪೆಟ್ಟಿಗೆಗಳನ್ನು ಪೇರಿಸಿ ಸಾಗಿಸುವ ಪ್ಯಾಲೆಟ್‌ಗಳ ಮೇಲೆ 18 ಅಂಕಿಗಳ ಸಾಗಣೆ ಸಂಖ್ಯೆಯನ್ನೂ, ಆರ್ಡರು ಮತ್ತು ಬಿಲ್ಲುಗಳು ಗಣಕದಿಂದ ಗಣಕಕ್ಕೇ ಹೋಗುವ ವ್ಯವಸ್ಥೆಯನ್ನೂ ಕೇಳಬಹುದು. ಇವನ್ನು ಹೊಂದಿಸಲು ಸಮಯ ಬೇಕಾಗುವುದರಿಂದ ಟೆಂಡರು ಹೊರಬಿದ್ದ ಮೇಲೆ ಆರಂಭಿಸಿದರೆ ಆಗದು.

ಉದ್ರಿಯ ವಿಷಯದಲ್ಲಿ ಎಚ್ಚರ

ಹೊಸ ಗ್ರಾಹಕರು ಸಿಕ್ಕಿದ ಸಂತೋಷದಲ್ಲಿ ವಿತರಕರು ಮಾಡುವ ಅತಿ ದುಬಾರಿ ತಪ್ಪು ಉದ್ರಿಯದು. ಸಾಮಾನು ನಮ್ಮ ಗೋದಾಮಿನಲ್ಲಿ ಸರಾಸರಿ 10 ದಿನ ಇರುತ್ತದೆ, ಗ್ರಾಹಕರು 30 ದಿನಕ್ಕೆ ಹಣ ಕೊಡುತ್ತಾರೆ, ನಾವು ತಯಾರಕರಿಗೆ 7 ದಿನದಲ್ಲಿ ಕೊಡಬೇಕು ಎಂದಾದರೆ, ನಡುವಿನ 33 ದಿನಗಳ ಹಣವನ್ನು ಹೊಂದಿಸಬೇಕಾದವರು ನಾವು. ವ್ಯಾಪಾರ ಎರಡರಷ್ಟು ಬೆಳೆದರೆ ಹೂಡಬೇಕಾದ ಈ ಹಣವೂ ಎರಡರಷ್ಟಾಗುತ್ತದೆ. ಲಾಭದಲ್ಲಿರುವ ಎಷ್ಟೋ ವಿತರಣಾ ಸಂಸ್ಥೆಗಳು ಕೈಯಲ್ಲಿ ಕಾಸಿಲ್ಲದೆ ಮುಚ್ಚುವುದು ಇದರಿಂದಲೇ. ಎಲ್ಲ ಖರ್ಚು ಕಳೆದು ಮಾರಾಟದ ಶೇಕಡಾ 2 ಮಾತ್ರ ಉಳಿಯುವ ವ್ಯಾಪಾರದಲ್ಲಿ, ಮುಳುಗಿದ ಒಂದು ಬಾಕಿಯನ್ನು ತುಂಬಿಕೊಳ್ಳಲು ಅದರ 50 ಪಟ್ಟು ಮಾರಾಟ ಮಾಡಬೇಕು ಎಂಬುದನ್ನು ಮಾರಾಟ ತಂಡದ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.

ಆದ್ದರಿಂದ ಮೊದಲ ಕೆಲವು ಆರ್ಡರುಗಳನ್ನು ಸಾಮಾನು ಇಳಿಸಿದ ಕೂಡಲೇ ಹಣ ಎಂಬ ಷರತ್ತಿನ ಮೇಲೆ ನಡೆಸಿ, ನಂತರ ಚಿಕ್ಕ ಮಿತಿಯ ಉದ್ರಿ ಕೊಟ್ಟು, ಸಮಯಕ್ಕೆ ಸರಿಯಾಗಿ ತೀರಿಸಿದಂತೆಲ್ಲ ಮಿತಿಯನ್ನು ಏರಿಸುತ್ತ ಹೋಗಬೇಕು. ಅವರಿಗೆ ಈಗ ಸರಬರಾಜು ಮಾಡುತ್ತಿರುವ ಇಬ್ಬರ ಹೆಸರನ್ನು ಕೇಳಿ ವಿಚಾರಿಸುವುದರಲ್ಲಿ ಅಗೌರವವೇನೂ ಇಲ್ಲ. ಹಳೆಯ ಸರಬರಾಜುದಾರರನ್ನು ಅವಸರವಾಗಿ ಬಿಡಲು ಹೊರಟವರು, ಬೆಲೆಯ ಬಗ್ಗೆ ಚೌಕಾಸಿಯನ್ನೇ ಮಾಡದೆ ಉದ್ರಿಯ ದಿನಗಳನ್ನು ಮಾತ್ರ ಹೆಚ್ಚು ಮಾಡೆಂದು ಕೇಳಿದರೆ, ಆ ಗ್ರಾಹಕರನ್ನು ಕೈಮುಗಿದು ಬಿಟ್ಟುಬಿಡುವುದೇ ಕ್ಷೇಮ. ಉದ್ರಿಯ ಮಿತಿ, ಗಡುವು, ಗಡುವು ಮೀರಿದರೆ ಸಾಮಾನು ನಿಲ್ಲುತ್ತದೆ ಎಂಬ ಮಾತು ಎಲ್ಲವೂ ಮೊದಲ ದಿನವೇ ಬರವಣಿಗೆಯಲ್ಲಿರಲಿ.

ಮೊದಲ ಸರಬರಾಜುಗಳು

ಆರ್ಡರು ಸಿಕ್ಕ ದಿನ ಗ್ರಾಹಕರು ಸಿಕ್ಕಂತಲ್ಲ. ಅವರ ಅಳುಕು ಇನ್ನೂ ಹಾಗೆಯೇ ಇದೆ. ಮೊದಲ ಹತ್ತು ಸರಬರಾಜುಗಳನ್ನು ಅವರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಹಳೆಯ ಸರಬರಾಜುದಾರರ ದೂರವಾಣಿ ಸಂಖ್ಯೆ ಅವರ ಬಳಿ ಇದ್ದೇ ಇದೆ ಎಂಬುದನ್ನು ಮರೆಯಬಾರದು.

ಇಲ್ಲಿ ಹೊಸಬರನ್ನು ದಾರಿತಪ್ಪಿಸುವ ಒಂದು ಅಂಕಿಯಿದೆ. ಗೋದಾಮಿನಲ್ಲಿ ಪ್ರತಿಯೊಂದು ಪದಾರ್ಥವೂ ಶೇಕಡಾ 98ರಷ್ಟು ಸಲ ಲಭ್ಯವಿರುತ್ತದೆ ಎಂದರೆ ಉತ್ತಮ ಸಾಧನೆಯಂತೆ ಕೇಳಿಸುತ್ತದೆ. ಆದರೆ ಗ್ರಾಹಕರು 20 ಬಗೆಯ ಪದಾರ್ಥಗಳನ್ನು ಒಟ್ಟಿಗೆ ಕೇಳಿದಾಗ, ಆ ಇಪ್ಪತ್ತೂ ಪೂರ್ತಿಯಾಗಿ ತಲುಪುವ ಸಾಧ್ಯತೆ ಸುಮಾರು ಶೇಕಡಾ 67 ಮಾತ್ರ. ಅಂದರೆ ಮೂರು ಸಲಕ್ಕೊಮ್ಮೆ ಅವರಿಗೆ ಏನಾದರೊಂದು ಕಡಿಮೆ ಬೀಳುತ್ತದೆ. ಲಭ್ಯತೆಯನ್ನು ಶೇಕಡಾ 99ಕ್ಕೆ ಏರಿಸಿದರೂ ಪೂರ್ಣ ಆರ್ಡರಿನ ಸಾಧ್ಯತೆ ಸುಮಾರು ಶೇಕಡಾ 82ನ್ನು ಮುಟ್ಟುತ್ತದೆ, ಅಷ್ಟೇ. ಆದ್ದರಿಂದ ಹೊಸ ಗ್ರಾಹಕರಿಗಾಗಿ ಮೊದಲ ಒಂದೆರಡು ತಿಂಗಳು ಅವರ ಪಟ್ಟಿಯಲ್ಲಿರುವ ಪದಾರ್ಥಗಳ ದಾಸ್ತಾನನ್ನು ಪ್ರತ್ಯೇಕವಾಗಿ ಕಾಯ್ದಿರಿಸುವುದು, ಅದರ ಖರ್ಚನ್ನು ಗ್ರಾಹಕರನ್ನು ಗಳಿಸುವ ಖರ್ಚೆಂದೇ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಅಷ್ಟಾಗಿಯೂ ಏನಾದರೂ ಕಡಿಮೆ ಬಿದ್ದರೆ, ವಾಹನ ಗೋದಾಮು ಬಿಡುವ ಮೊದಲೇ ಕರೆ ಮಾಡಿ ತಿಳಿಸಬೇಕು. ಹಿಂದಿನ ಸಂಜೆ ಗೊತ್ತಾದ ಕೊರತೆಯನ್ನು ಅಡುಗೆಯವರು ಹೇಗೋ ಸರಿದೂಗಿಸುತ್ತಾರೆ, ಬಾಗಿಲಲ್ಲಿ ಪೆಟ್ಟಿಗೆ ಎಣಿಸುವಾಗ ಗೊತ್ತಾದದ್ದನ್ನು ಕ್ಷಮಿಸುವುದಿಲ್ಲ. ಕೇಳದೆ ಬದಲಿ ಪದಾರ್ಥವನ್ನು ಕಳಿಸುವುದಂತೂ ಸರ್ವಥಾ ಕೂಡದು, ಏಕೆಂದರೆ ಬದಲಿಯಲ್ಲಿ ಯಾರಿಗಾದರೂ ಒಗ್ಗದ ಅಂಶವೊಂದಿದ್ದರೆ ಊಟ ಮಾಡಿದವರ ಪ್ರಾಣಕ್ಕೇ ಅದು ಸಂಚಕಾರ ತಂದೀತು.

ವಾಹನದ ಚಾಲಕರಿಗೆ ಗ್ರಾಹಕರ ಹೆಸರು, ಹಿಂಬಾಗಿಲು ಎಲ್ಲಿದೆ, ಯಾರು ಸಹಿ ಹಾಕುತ್ತಾರೆ, ಯಾವ ಹೊತ್ತಿನಲ್ಲಿ ಹೋಗಬಾರದು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಮಾರಾಟಗಾರರು ತಿಂಗಳಿಗೊಮ್ಮೆ ಕಾಣಿಸಿಕೊಳ್ಳುತ್ತಾರೆ, ಚಾಲಕರು ವಾರಕ್ಕೆ ಮೂರು ಸಲ. ಗ್ರಾಹಕರ ಪಾಲಿಗೆ ನಮ್ಮ ಸಂಸ್ಥೆಯೆಂದರೆ ಚಾಲಕರೇ. ಮೊದಲ ಸರಬರಾಜಿನ ದಿನ ಮಾರಾಟಗಾರರೂ ಅದೇ ವಾಹನದಲ್ಲಿ ಹೋಗಿ, ಪೆಟ್ಟಿಗೆ ಇಳಿಸಲು ಕೈಜೋಡಿಸಿ, ಬಿಲ್ಲಿನಲ್ಲಿ ಒಂದೊಂದು ಸಾಲನ್ನೂ ಉಗ್ರಾಣದವರೊಂದಿಗೆ ತಾಳೆ ನೋಡಬೇಕು. ಒಡೆದದ್ದು, ನಜ್ಜುಗುಜ್ಜಾದದ್ದು ಏನಾದರೂ ಇದ್ದರೆ ವಾದಕ್ಕೆ ನಿಲ್ಲದೆ, ಹಿಂದಕ್ಕೆ ಪಡೆದದ್ದರ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಜಮಾ ಪತ್ರವನ್ನು ಅಂದೇ ಕೊಡಬೇಕು. ತಪ್ಪು ಬಿಲ್ಲಿನಿಂದ ತಡೆಹಿಡಿಯಲ್ಪಟ್ಟ ಪಾವತಿಗಳೇ ವಸೂಲಿಯ ಅರ್ಧ ತಲೆನೋವು.

ಆರು ವಾರಗಳು ಕಳೆದ ಮೇಲೆ, ಎಷ್ಟು ಆರ್ಡರುಗಳು ಬಂದವು, ಎಷ್ಟು ಪೂರ್ತಿಯಾಗಿ ಸಮಯಕ್ಕೆ ತಲುಪಿದವು, ಎಷ್ಟು ಸಾಮಾನು ಹಿಂದಿರುಗಿತು ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಂಡು ಗ್ರಾಹಕರ ಎದುರು ಕುಳಿತುಕೊಳ್ಳಿರಿ. ತಪ್ಪಿದ್ದನ್ನು ನಾವೇ ಮೊದಲು ಹೇಳಬೇಕು. ಮೊದಲ ಭೇಟಿಯಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಆಗ ಮತ್ತೆ ತೆರೆದು, ಅವರಿಗೆ ಅಂದು ತೊಂದರೆ ಕೊಡುತ್ತಿದ್ದ ಪದಾರ್ಥಗಳಲ್ಲಿ ಇನ್ನೂ ಎರಡನ್ನು ನಮಗೆ ಒಪ್ಪಿಸುವಂತೆ ಕೇಳುವುದಕ್ಕೂ, ಅವರ ಪರಿಚಯದ ಇನ್ನೊಂದು ಅಡುಗೆಮನೆಗೆ ನಮ್ಮ ಹೆಸರನ್ನು ಹೇಳುವಂತೆ ಕೋರುವುದಕ್ಕೂ ಅದೇ ತಕ್ಕ ಸಮಯ.